ಕೊನೆಯ ಪುಟದಲ್ಲಿ ಒಬ್ಬರು ಕಡಿಮೆ

ಕೆಂಚಕ್ಕನಿಗೆ ಅಕ್ಷರ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ಬರುವುದು ಒಂದು ಪುಸ್ತಕದ ಕಥೆ. ಆ ಪುಸ್ತಕವನ್ನು ಬರೆದವರು, ಚಿತ್ರ ಬಿಡಿಸಿದವರು, ತಿದ್ದಿದವರು, ಅಚ್ಚು ಹಾಕಿಸಿದವರು, ಊರೂರಿಗೆ ಹಂಚಿದವರು ಎಲ್ಲರೂ ಎರಡೆರಡು ಡಿಗ್ರಿ ಇರುವ ಜನ. ಅಷ್ಟೂ ಜನರ ಕಣ್ಣಿಗೆ ಬೀಳದ್ದು ಕುರಿ ಕಾಯುವ ಮನೆಯ ಒಂದನೇ ಕ್ಲಾಸಿನ ಹುಡುಗಿಯ ಕಣ್ಣಿಗೆ ಬಿತ್ತು. ಕೆಂಚಕ್ಕ ಆ ಹುಡುಗಿಯ ಅಜ್ಜಿ.

ನಾನು ಮಂಗಳಾ. ಹಿರೇಗುಂಟನೂರು ಹೋಬಳಿಯ ಒಂದು ಸಣ್ಣ ಊರಿನಲ್ಲಿ ಪಂಚಾಯಿತಿ ಲೈಬ್ರರಿಯ ಮೇಲ್ವಿಚಾರಕಿ. ಮೇಲ್ವಿಚಾರಕಿ ಎಂದರೆ ಕಸ ಗುಡಿಸುವವಳು, ಪೇಪರ್ ಜೋಡಿಸುವವಳು, ಸಂಜೆ ಬೀಗ ಹಾಕುವವಳು, ಮೇಲಿನವರು ಫೋಟೊ ಕೇಳಿದಾಗ ಮಕ್ಕಳ ಕೈಗೆ ಪುಸ್ತಕ ಕೊಟ್ಟು ನಗಿಸುವವಳು. ಪುಸ್ತಕ ಸರಿಯಾಗಿ ಹಿಡಿದಿರಬೇಕು, ತಲೆಕೆಳಗಾಗಿ ಹಿಡಿದಿದ್ದರೆ ಫೋಟೊ ವಾಪಸ್ ಬರುತ್ತದೆ. ಓದಿದವೋ ಇಲ್ಲವೋ ಎಂದು ಇದುವರೆಗೆ ಯಾರೂ ಕೇಳಿಲ್ಲ.

ಊರಿನಿಂದ ಒಂದು ಕಿಲೋಮೀಟರು ಆಚೆಗೆ ಗೊಲ್ಲರ ಹಟ್ಟಿ. ಕೆಂಚಕ್ಕ ಆ ಹಟ್ಟಿಗೆ ಸೊಸೆಯಾಗಿ ಬಂದವಳು, ಹುಟ್ಟಿದ್ದು ಮತ್ತೋಡಿನ ಕಡೆ. ವಯಸ್ಸು ಎಷ್ಟೆಂದು ಅವಳಿಗೂ ಗೊತ್ತಿಲ್ಲ. ಆಧಾರ್ ಕಾರ್ಡಿನವರು ಜನವರಿ ಒಂದು ಎಂದು ಹಾಕಿದ್ದಾರೆ. ಅವರ ಪ್ರಕಾರ ಆ ಹಟ್ಟಿಯ ಅರ್ಧ ಜನ ಹುಟ್ಟಿದ್ದು ಜನವರಿ ಒಂದಕ್ಕೇ, ಆ ದಿನ ಸೂಲಗಿತ್ತಿಯ ಗತಿ ಏನಾಗಿರಬೇಕೋ. ಕೆಂಚಕ್ಕನ ಗಂಡ ಬೋರಣ್ಣ. ಮಾತು ಬಹಳ ಕಡಿಮೆ, ಮನೆಗೆ ಬೇಕಾದ ಮಾತನ್ನೆಲ್ಲ ಕೆಂಚಕ್ಕನೇ ಆಡುತ್ತಿದ್ದಳು. ಪ್ರತಿ ಬೇಸಿಗೆಯಲ್ಲೂ ಇಬ್ಬರೂ ಮಂದೆ ಹೊಡೆದುಕೊಂಡು ಹೊಳಲ್ಕೆರೆ ದಾಟಿ ಭದ್ರಾ ನಾಲೆಯ ಕಡೆ ಹೋಗುವುದು, ಗದ್ದೆಯವರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವುದು, ಮುಂಗಾರು ಬಿದ್ದ ಮೇಲೆ ಹಟ್ಟಿಗೆ ಮರಳುವುದು. ಮಗ ಗೋವರ್ಧನ ಹುಟ್ಟಿದ್ದೂ ಹಾಗೊಂದು ಸಲ ಹೋಗುವ ದಾರಿಯಲ್ಲೇ, ರಾಮಗಿರಿ ಸ್ಟೇಷನ್ನಿನ ಆಚೆ ಯಾರದೋ ಹೊಲದಲ್ಲಿ. "ರೈಲು ಕೂಗ್ತು, ಇವ್ನೂ ಕೂಗ್ದ. ಯಾವ್ದು ಮೊದ್ಲು ಅಂತ ಗೊತ್ತಾಗ್ಲಿಲ್ಲ," ಎನ್ನುತ್ತಾಳೆ.

ಸಂಜೆ ಕುರಿಗಳು ರೊಪ್ಪಕ್ಕೆ, ಎಂದರೆ ಮುಳ್ಳುಬೇಲಿಯ ದೊಡ್ಡಿಗೆ, ಸೇರುವಾಗ ಬಾಗಿಲಲ್ಲಿ ನಿಂತು ಎಣಿಸುವುದು ಆ ಮನೆಯಲ್ಲಿ ಕೆಂಚಕ್ಕನ ಕೆಲಸ. ಒಂದು ಕಡಿಮೆ ಬಂತೋ, ಯಾರೂ ಊಟಕ್ಕೆ ಕೂರುವ ಹಾಗಿಲ್ಲ. ತಪ್ಪಿಸಿಕೊಂಡಿತೋ, ತೋಳ ಹಿಡಿಯಿತೋ, ಸತ್ತಿತೋ, ಕುರಿಯ ಹಿಂದೆ ಹೋದವನು ಹೇಳಲೇಬೇಕು. ಸತ್ತಿದ್ದರೆ ಅದರ ಕಿವಿ ತಂದು ತೋರಿಸಬೇಕು. ಒಂದೊಂದು ಮನೆಯವರು ತಮ್ಮ ಕುರಿಯ ಕಿವಿಯನ್ನು ಒಂದೊಂದು ರೀತಿ ಕತ್ತರಿಸಿ ಗುರುತು ಮಾಡಿರುತ್ತಾರೆ, ಅದು ಕಣ್ಣಿಗೆ ಬೀಳುವವರೆಗೆ ಕುರಿ ಸತ್ತಿದೆ ಎಂದು ಯಾರೂ ಒಪ್ಪುವುದಿಲ್ಲ. ಸರ್ಕಾರಿ ಕಚೇರಿಯಲ್ಲಿ ಮಾತುಮಾತಿಗೆ ದಾಖಲೆ ಕೇಳುತ್ತಾರೆಂದು ಗೊಣಗುವವರು ಒಮ್ಮೆ ಕೆಂಚಕ್ಕನ ರೊಪ್ಪದ ಬಾಗಿಲಿಗೆ ಹೋಗಿ ಬರಬೇಕು.

ಇಂಥ ಮನೆಗೆ ಕೊರೊನಾ ಬಂತು. ಎರಡನೇ ಅಲೆಯ ಮೇ ತಿಂಗಳು. ಆ ಬೇಸಿಗೆ ಮಂದೆಯನ್ನು ಹಟ್ಟಿಯ ಬೇರೆಯವರ ಜೊತೆ ನಾಲೆಯ ಕಡೆ ಕಳಿಸಿ ಇಬ್ಬರೂ ಮನೆಯಲ್ಲೇ ಉಳಿದಿದ್ದರು. ಬೋರಣ್ಣನಿಗೆ ನಾಲ್ಕು ದಿನ ಜ್ವರ, ಐದನೇ ದಿನ ಉಸಿರಾಡಲು ಕಷ್ಟ. ಆಂಬುಲೆನ್ಸು ಹಟ್ಟಿಯ ತನಕ ಬಾರದೆ ರಸ್ತೆಯಲ್ಲೇ ನಿಂತಿತು, ಆತ ಕಂಬಳಿ ಹೊದ್ದು ನಡೆದುಕೊಂಡೇ ಹೋಗಿ ಹತ್ತಿದ. ಹಿಂದೆ ಯಾರನ್ನೂ ಹತ್ತಿಸಲಿಲ್ಲ. ಆರು ದಿನ ಕಳೆದ ಮೇಲೆ ಆಸ್ಪತ್ರೆಯಿಂದ ಫೋನು ಬಂತು. ಗೋವರ್ಧನ ಪೇಟೆಗೆ ಓಡಿದ. ಅವನಿಗೆ ತೋರಿಸಿದ್ದು ದೂರದಲ್ಲಿ, ಜಿಪ್ ಎಳೆದ ಒಂದು ನೀಲಿ ಚೀಲ. ಸಹಿ ಹಾಕಿಸಿಕೊಂಡರು, ಮಣ್ಣು ಮಾಡುವ ಕೆಲಸ ನಮ್ಮದೇ, ನೀವು ಮನೆಗೆ ಹೋಗಿ ಎಂದರು. ಅವನು ಒಂದು ಚೀಟಿ ಮತ್ತು ಅಪ್ಪನ ಟವೆಲ್ಲು ಹಿಡಿದು ಬಂದ.

ಅವತ್ತು ಕೆಂಚಕ್ಕ ಮಗನನ್ನು ಕೇಳಿದ್ದು ಎರಡೇ ಮಾತು ಎಂದು ಹಟ್ಟಿಯವರು ಹೇಳುತ್ತಾರೆ. "ಮುಖ ನೋಡ್ದೇನ್ಲಾ?" ಅವನು ಇಲ್ಲವೆಂದ. "ಹಂಗಾರೆ ನಮ್ಮನೇತ ಅಂತ ಹೆಂಗೆ ಒಪ್ಕಂಡೆ?" ನಮ್ಮನೇತ ಎಂದರೆ ಅವಳ ಬಾಯಲ್ಲಿ ಗಂಡ. ಹಟ್ಟಿಯನ್ನೇ ಸೀಲ್ ಮಾಡಿದ್ದರಿಂದ ನೆಂಟರು ಬರಲಿಲ್ಲ. ಮೂರನೇ ದಿನ ಹಾಲು ತುಪ್ಪ ಬಿಡಲು ಒಂದು ಗುಡ್ಡೆ ಮಣ್ಣಾದರೂ ಬೇಕಲ್ಲ, ಅದೂ ಇರಲಿಲ್ಲ.

ಗೋವರ್ಧನನ ಮಗಳು ಮೇಘಶ್ರೀಗೆ ಆಗ ನಾಲ್ಕು ತುಂಬಿರಲಿಲ್ಲ. ತಾತನ ಹೆಗಲ ಮೇಲೆ ಹಟ್ಟಿ ಸುತ್ತಿದ ಹುಡುಗಿ. ತಾತ ಎಲ್ಲಿ ಎಂದು ಕೇಳಿತು. ಕೆಂಚಕ್ಕ, "ಮಂದೆ ತಗಂಡು ನಾಲೆ ಕಡೆ ಹೋಗ್ಯಾನೆ, ಬರ್ತಾನೆ," ಎಂದುಬಿಟ್ಟಳು. ಕುರಿಯವರ ಮನೆಯಲ್ಲಿ ಇದಕ್ಕಿಂತ ಸಲೀಸಾದ ಸುಳ್ಳು ಬೇರೆಯಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಗಂಡಸರು ಹಾಗೆ ಮಾಯವಾಗುವುದು ಇದ್ದದ್ದೇ. ಹಟ್ಟಿಯವರೂ ದನಿಗೂಡಿಸಿದರು. ಮೇವು ಚೆನ್ನಾಗಿದೆಯಂತೆ ಎಂದು ಒಬ್ಬರು, ಬರುವಾಗ ಬಳೆ ತರುತ್ತಾನಂತೆ ಎಂದು ಇನ್ನೊಬ್ಬರು. ನೀರಿನ ಟ್ಯಾಂಕು ಎಲ್ಲಿ ಕಟ್ಟಬೇಕೆಂದು ಹನ್ನೊಂದು ವರ್ಷದಿಂದ ಜಗಳವಾಡುತ್ತಿರುವ ಜನ ಒಂದೇ ಮಾತಿಗೆ ನಿಂತದ್ದನ್ನು ನಾನು ಕಂಡದ್ದು ಆಗಲೇ. ಎರಡು ವರ್ಷ ನಿಂತರು.

ಅಂತೂ ಪುಸ್ತಕ ಬಂದವು. ಕೊರೊನಾ ಹೋಗಿ, ಉಳಿದ ಮಾಸ್ಕುಗಳನ್ನು ಹಟ್ಟಿಯವರು ಮರಿಗಳು ಹಾಲು ಕುಡಿಯದಂತೆ ಮೂತಿಗೆ ಕಟ್ಟುತ್ತಿದ್ದ ಕಾಲಕ್ಕೆ, ಅಂದರೆ 2023ರ ಜುಲೈನಲ್ಲಿ, ಬೆಂಗಳೂರಿನ ಒಂದು ಟ್ರಸ್ಟಿನಿಂದ ಮಕ್ಕಳಿಗೆ ಕೊರೊನಾ ಬಗ್ಗೆ ತಿಳಿವಳಿಕೆ ಕೊಡುವ ಒಂಬತ್ತು ಚಿತ್ರಪುಸ್ತಕ. ಬೆಂಕಿ ಆರಿದ ಮೇಲೆ ಬಾವಿ ತೋಡಿದರೂ ಬಾವಿಗೆ ಬಣ್ಣ ಮಾತ್ರ ಚೆನ್ನಾಗಿ ಹೊಡೆದಿದ್ದರು. ತಂದವರು ಟ್ರಸ್ಟಿನ ಜಿಲ್ಲಾ ಸಂಯೋಜಕ ಪ್ರಭುಲಿಂಗ, ಹೊಳಲ್ಕೆರೆಯವರು. ಮೆತ್ತಗೆ ಮಾತಾಡುವ ಮನುಷ್ಯ. ಅವರನ್ನು ಬೈಯಲು ನನಗೆ ಎಂದೂ ಪೂರ್ತಿ ಮನಸ್ಸು ಬಂದಿಲ್ಲ, ಪ್ರಯತ್ನವನ್ನಂತೂ ಬಿಟ್ಟಿಲ್ಲ.

ಒಂಬತ್ತನ್ನೂ ಓದಿದೆ. ಒಂದರಲ್ಲಿ ಕಾಡಿನ ಪ್ರಾಣಿಗಳೆಲ್ಲ ಮಾಸ್ಕು ಹಾಕಿಕೊಂಡಿದ್ದವು. ಹುಲಿ ಜಿಂಕೆಯಿಂದ ಆರಡಿ ದೂರ ನಿಂತಿತ್ತು, ಜಿಂಕೆಗೆ ಕಾಯಿಲೆ ಬರಬಾರದೆಂದು. ಇನ್ನೊಂದರಲ್ಲಿ ಒಬ್ಬ ಹುಡುಗಿ ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿದು, ಟೊಮೆಟೊ ಬೆಳೆದು, ವೀಣೆ ಕಲಿತು, ಲಾಕ್‌ಡೌನು ಇನ್ನೊಂದು ತಿಂಗಳು ಇರಬಾರದಿತ್ತೇ ಅನ್ನಿಸುವಷ್ಟು ಸುಖವಾಗಿದ್ದಳು. ಬಾಲ್ಕನಿ ಎಂದರೇನು ಎಂದು ಮಕ್ಕಳು ಕೇಳಿದವು. ಗಾಳಿಯಲ್ಲಿ ತೂಗುಹಾಕಿದ ಜಗುಲಿ ಎಂದೆ. ಮತ್ತೊಂದರಲ್ಲಿ ವೈರಸ್ಸೇ ಕೈಮುಗಿದು, "ಗೆಳೆಯರೇ, ತಪ್ಪಾಯಿತು," ಎಂದು ಚಂದ್ರಲೋಕಕ್ಕೆ ಹಾರಿಹೋಯಿತು. ನಮ್ಮ ಕಡೆ ಯಾರೂ ತಪ್ಪಾಯಿತು ಎಂದದ್ದು ನನಗೆ ನೆನಪಿಲ್ಲ, ವೈರಸ್ಸಿಗಾದರೂ ಅಷ್ಟು ಮರ್ಯಾದೆ ಇತ್ತಲ್ಲ. ಒಂಬತ್ತು ಪುಸ್ತಕದಲ್ಲೂ ಸೇರಿ ಒಂದು ಇರುವೆಯೂ ಸತ್ತಿರಲಿಲ್ಲ. ಜೊತೆಗೊಂದು ಸೂಚನೆಯ ಹಾಳೆ: ಮಕ್ಕಳ ಮುಂದೆ ಸಾವಿನ ಪ್ರಸ್ತಾಪ ಬೇಡ, ಮಾತು ಆ ಕಡೆ ಹೋದರೆ ಕೈ ತೊಳೆಯುವ ಹಾಡು ಹಾಡಿಸಿ.

ಅವುಗಳಲ್ಲಿ ದೊಡ್ಡದು 'ಪುಟ್ಟಿಯ ಮನೆಗೆ ಕಿರೀಟದ ಕಿಟ್ಟು'. ಕಿಟ್ಟು ಎಂದರೆ ಕೊರೊನಾ. ಹಸಿರು ಮೈ, ಗುಂಡು ಕೆನ್ನೆ, ಎರಡು ಹಲ್ಲು, ತಲೆಗೆ ಕಿರೀಟ. ನಮ್ಮೂರಿನ ಎಷ್ಟೋ ಮದುಮಕ್ಕಳಿಗಿಂತ ಲಕ್ಷಣವಾಗಿತ್ತು. ಮೊದಲ ಪುಟದಲ್ಲಿ ಪುಟ್ಟಿಯ ಮನೆಯವರೆಲ್ಲ ಊಟಕ್ಕೆ ಕುಳಿತಿರುತ್ತಾರೆ: ಪುಟ್ಟಿ, ಅಪ್ಪ, ಅಮ್ಮ, ಅಣ್ಣ, ಅತ್ತೆ, ಅಜ್ಜಿ, ತಾತ. ಆಮೇಲೆ ಕಿಟ್ಟು ಬರುತ್ತದೆ, ತಾತನಿಗೆ ಜ್ವರ ಬರುತ್ತದೆ, ಗುಲಾಬಿ ಬಣ್ಣದ ಆಂಬುಲೆನ್ಸು ಬರುತ್ತದೆ. ತಾತ ಅದರೊಳಗಿಂದ ಕೈ ಬೀಸುತ್ತಾನೆ. ಮನೆಯವರೆಲ್ಲ ಕೈ ತೊಳೆಯುತ್ತಾರೆ, ಕಿಟ್ಟು ಹೆದರಿ ಓಡುತ್ತದೆ. ಕೊನೆಯ ಪುಟದಲ್ಲಿ, 'ಎಲ್ಲರೂ ಗುಣವಾಗಿ ಮತ್ತೆ ಒಟ್ಟಿಗೆ ಕುಳಿತು ಪಾಯಸ ತಿಂದರು' ಎಂದು ಬರೆದಿದೆ. ಕಿಟಕಿಯಾಚೆ ಮಳೆ, ಕಾಮನಬಿಲ್ಲು.

ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಬಂದ ಹಟ್ಟಿಯ ಮಕ್ಕಳಿಗೆ ಇದನ್ನು ಓದಿ ಹೇಳಿದೆ. ಆ ಮಕ್ಕಳಿಗೊಂದು ಚಾಳಿ. ಪುಟ ತಿರುವಿದ ಕೂಡಲೇ ಏನು ಕಂಡರೂ ಎಣಿಸುತ್ತವೆ. ಆನೆ ಇದ್ದರೆ ಆನೆ, ಮೋಡ ಇದ್ದರೆ ಮೋಡ. ಅಆಇಈ ಬರುವ ಮೊದಲೇ ರೊಪ್ಪದ ಬಾಗಿಲಲ್ಲಿ ನಿಂತು ಕಲಿತ ವಿದ್ಯೆ. ನಾನು ಬಾಯಿ ತೆರೆಯುವ ಮೊದಲೇ, "ಏಳು!" ಎಂದು ಕೂಗಿದವು. ಕೊನೆಯ ಪುಟ ತಿರುವಿ ಪಾಯಸದ ವಾಕ್ಯವನ್ನು ರಾಗವಾಗಿ ಓದುತ್ತಿದ್ದೆ.

"ಮಿಸ್, ಒಬ್ರು ಕಡಿಮೆ ಅದಾರೆ," ಎಂದಳು ಮೇಘಶ್ರೀ.

ಎಣಿಸಿದೆ. ಆರು. ಮತ್ತೆ ಎಣಿಸಿದೆ, ಆರೇ. ಪುಟ್ಟಿ, ಅಪ್ಪ, ಅಮ್ಮ, ಅಣ್ಣ, ಅತ್ತೆ, ಅಜ್ಜಿ. ಚಿತ್ರ ಬಿಡಿಸಿದವರು ತಾತನನ್ನು ಮರೆತೇಬಿಟ್ಟಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಮಕ್ಕಳಿಗೆ ನಗು ಬರಲಿಲ್ಲ. ಅವರ ಮನೆಗಳಲ್ಲಿ ಸಂಜೆ ಒಂದು ಕಡಿಮೆ ಬಂದರೆ ಅದು ನಗುವ ವಿಷಯವಲ್ಲ.

"ತಾತ ಒಳಗೆ ಮಲಗಿರಬೇಕು ಕಣ್ರೋ," ಎಂದೆ.

"ಪಾಯಸ ಮಾಡಿದ್ರೆ ಎಬ್ಬಿಸ್ತಿದ್ರು," ಎಂದಿತು ಒಂದು.

"ಕುರಿ ತಗಂಡು ಹೋಗಿರ್ಬೇಕು," ಎಂದಿತು ಇನ್ನೊಂದು. ನಾನೂ ಹೌದು ಹೌದು ಎಂದೆ.

ಮೇಘಶ್ರೀ ಕಿಟಕಿಯ ಮೇಲೆ ಬೆರಳಿಟ್ಟಳು. "ಮಳೆ ಬಿದ್ದೈತೆ. ಕುರಿ ತಗಂಡು ಹೋದೋರು ಮಳೆ ಬಿದ್ಮೇಲೆ ಬರ್ತಾರೆ. ಈ ತಾತ ಬಂದಿಲ್ಲ. ಈ ತಾತ ಸತ್ತೋಗ್ಯಾನೆ."

ಸೂಚನೆಯ ಹಾಳೆಯಲ್ಲಿ ಹೇಳಿದಂತೆ ಕೈ ತೊಳೆಯುವ ಹಾಡು ಹಾಡಿಸಿದೆ. ಆ ಹುಡುಗಿ ಹಾಡಲಿಲ್ಲ. ಕುರಿ ಕೊಳ್ಳಲು ಬಂದವನು ಹಲ್ಲು ನೋಡದೆ ಬೆಲೆ ಹೇಳಿದರೆ ಕೆಂಚಕ್ಕ ಹೇಗೆ ನೋಡುತ್ತಾಳೋ ಹಾಗೆ ನನ್ನನ್ನು ನೋಡುತ್ತಾ ಕೂತಿದ್ದಳು.

ಪ್ರಭುಲಿಂಗ ಅವರಿಗೆ ಫೋನು ಮಾಡಿ ಹೇಳಿದೆ. ಅವರು ಕುಸಿದುಹೋದರು.

"ಅಯ್ಯೋ ಮೇಡಂ, ನಾಲ್ಕು ಸುತ್ತು ತಿದ್ದೀವಲ್ರಿ! ಇಬ್ರು ಮಕ್ಕಳ ಮನಃಶಾಸ್ತ್ರಜ್ಞರು ನೋಡ್ಯಾರೆ!"

"ಒಬ್ಬ ಕುರಿಯವ್ರನ್ನ ಇಟ್ಕಂಡಿದ್ರೆ ಸಾಕಿತ್ತು ಸರ್," ಎಂದೆ. ನನ್ನ ಮಾತಿಗೆ ನಾನೇ ಖುಷಿಪಟ್ಟೆ. ಆ ಖುಷಿ ಸೋಮವಾರದ ತನಕ ಇತ್ತು.

ಸೋಮವಾರ ಬೆಳಿಗ್ಗೆ ಕೆಂಚಕ್ಕ ಲೈಬ್ರರಿಗೆ ಬಂದಳು. ಆ ಬಾಗಿಲು ಅವಳು ದಾಟಿದ್ದು ಅದೇ ಮೊದಲು. ಕೈಯಲ್ಲಿ ಕುರಿ ಕಾಯುವ ಕೋಲು, ಅದನ್ನು ಹೊರಗೆ ಒರಗಿಸುವ ಲಕ್ಷಣ ಕಾಣಲಿಲ್ಲ.

"ಏನವ್ವಾ ಮಂಗಳವ್ವ, ಹುಡುಗ್ರಿಗೆ ಏನು ಕಲಿಸ್ತಿದೀಯ ಇಲ್ಲಿ?"

"ಕುಂತ್ಕಳ್ರಿ ಕೆಂಚಕ್ಕ. ಏನಾತು?"

"ಕುಂತ್ಕಳಾಕೆ ಬಂದಿಲ್ಲ. ರೊಪ್ಪದ ಬಾಗ್ಲಾಗೆ ನಿಂತು ನನ್ನ ಕೇಳ್ತಾಳೆ, 'ಅಜ್ಜಿ, ನಮ್ಮ ತಾತನೂ ಸತ್ತೋಗ್ಯಾನಾ' ಅಂತ. ಎಣಿಸೋದೇ ತಪ್ಪೋತು ನಂಗೆ. ಯಾವ ಪುಸ್ತಕ ಅದು? ತೋರ್ಸು."

"ನೀವೇನಂದ್ರಿ?"

"ಇಲ್ಲ, ಬರ್ತಾನೆ ಅಂದೆ. ಇನ್ನೇನನ್ಲಿ?"

ಪುಸ್ತಕ ಕೊಟ್ಟೆ. ಅಷ್ಟು ಹೊತ್ತಿಗೆ ಅವಳು ನೆಲದ ಮೇಲೆ ಕೂತಿದ್ದಳು. ಒಂದೊಂದು ಪುಟಕ್ಕೂ ಒಂದೊಂದು ಮಾತು. ಕಿಟ್ಟುವನ್ನು ನೋಡಿ, "ಇದೇನವ್ವ, ಹಲ್ಲು ಬಂದ ಕುಂಬಳಕಾಯಿ? ಇಷ್ಟು ಚೆಂದಾಗಿದ್ರೆ ನಾನೇ ಕರ್ದು ಮಣೆ ಹಾಕ್ತಿದ್ದೆ." ಪುಟ್ಟಿಯ ಮನೆಯ ನಲ್ಲಿಗಳನ್ನು ನೋಡಿ, "ಒಂದು ಮನಿಗೆ ನಾಕು ನಲ್ಲಿ. ನಮ್ಮ ಇಡೀ ಹಟ್ಟಿಗೆ ಎರಡು ಅವೆ, ಅದ್ರಾಗೊಂದ್ರಾಗೆ ಗಾಳಿ ಬರ್ತತೆ." ಗುಲಾಬಿ ಆಂಬುಲೆನ್ಸು ಬಂದಾಗ ತಾತನ ಕೈಯ ಮೇಲೆ ಬೆರಳಿಟ್ಟಳು. "ಕೈ ಬೀಸ್ತಾನೆ ನೋಡು," ಎಂದಳು. "ನಮ್ಮನೇತ ತಿರುಗೂ ನೋಡ್ಲಿಲ್ಲ. ಉಸ್ರು ಎಳ್ಕಣಾಕೇ ಸಾಕಾಗಿತ್ತು ಆತಂಗೆ."

ಕೊನೆಯ ಪುಟಕ್ಕೆ ಬಂದಳು. ಬೆರಳು ಮಡಿಸಲಿಲ್ಲ, ತುಟಿ ಅಲುಗಿಸಲಿಲ್ಲ. ಒಂದೇ ನೋಟಕ್ಕೆ ಎಣಿಸಿ ಮುಗಿಸಿದ್ದಳು. ಪುಸ್ತಕವನ್ನು ಮುಚ್ಚದೆ ತೊಡೆಯ ಮೇಲೆ ಇಟ್ಟುಕೊಂಡಳು. ಜಗಳ ಎಲ್ಲಿ ಹೋಯಿತೆಂದು ನಾನು ಕಾಯುತ್ತಿದ್ದೆ.

"ಇದನ್ನ ಬರ್ದೋರ ಮನಿಯಾಗೆ ಯಾರೋ ಹೋಗ್ಯಾರೆ ಕಣವ್ವ," ಎಂದಳು. "ಬಾಯಿ ಬಿಟ್ಟು ಹೇಳಾಕೆ ಆಗಿಲ್ಲ ಅವ್ರಿಗೆ. ಚಿತ್ರದಾಗೆ ಹೇಳ್ಯಾರೆ. ಪಾಪ."

ಬಾಯಿಯವರೆಗೆ ಬಂದಿತ್ತು: ಅಲ್ಲ ಕೆಂಚಕ್ಕ, ಅದು ಬರೀ ಮರೆವು, ಫೋನಿನಲ್ಲಿ ಕ್ಷಮೆ ಕೂಡ ಕೇಳಿದ್ದಾರೆ. ನನ್ನ ನಾಲಿಗೆ ಎಂಥದ್ದೆಂದು ಊರಿಗೇ ಗೊತ್ತು, ಹೇಳದೆ ಉಳಿಸಿಕೊಂಡ ಮಾತು ಜೀವನದಲ್ಲಿ ನಾಲ್ಕೈದು ಇರಬಹುದು. ಇದೊಂದನ್ನು ನುಂಗಿದೆ.

"ಒಂದು ಕುರಿ ಸತ್ರೂ ಕಿವಿ ತಂದು ತೋರ್ಸು ಅಂತೀವಿ ನಾವು," ಎಂದಳು ಕೆಂಚಕ್ಕ. "ಮೂವತ್ತೆಂಟು ವರ್ಷ ಬಾಳ್ವೆ ಮಾಡ್ದೋನು. ಒಂದು ಚೀಟಿ ಕೊಟ್ಟು ಮುಗಿಸಿದ್ರು. ಆ ಮಗೀಗೆ ಏನು ತೋರ್ಸಿ ಸತ್ತ ಅಂತ ಹೇಳ್ಲಿ? ಚೀಟಿ ತೋರ್ಸ್ಲಾ?"

ನನಗೆ ಅಳು ಬಂತು. ಅವಳು ಅಳಲಿಲ್ಲ. ಪುಸ್ತಕವನ್ನು ಸೆರಗಿನಿಂದ ಒರೆಸಿ ವಾಪಸ್ ಕೊಟ್ಟು, ಕೋಲು ಹಿಡಿದು ಎದ್ದಳು. ಹುಡುಗಿಗೆ ಯಾವಾಗ ಹೇಳುತ್ತೀರಿ ಎಂದು ಕೇಳಿದೆ. "ಹೇಳಾಣ ಬಿಡು," ಎಂದು ಹೋದಳು. ನಮ್ಮ ಕಡೆ ಹಾಗಂದರೆ ಹೇಳುವುದಿಲ್ಲ ಎಂದೇ ಅರ್ಥ.

ಮೂರು ವಾರ ಕಳೆದವು. ಟ್ರಸ್ಟಿನವರು ಸುಮ್ಮನೆ ಕೂರುವ ಜನವೇ? ತಪ್ಪನ್ನು ತಿದ್ದಿದರು. ಪುಸ್ತಕ ಮರುಮುದ್ರಣ ಮಾಡುವುದು ದೊಡ್ಡ ಖರ್ಚು, ಅದಕ್ಕೆ ಬೇರೆ ದಾರಿ ಕಂಡುಹಿಡಿದಿದ್ದರು. ಪ್ರಭುಲಿಂಗ ಒಂದು ಶನಿವಾರ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದು, ಒಳಗಿಂದ ಒಂದು ಹಾಳೆ ಎಳೆದು ನನ್ನ ಮೇಜಿನ ಮೇಲೆ ಇಟ್ಟರು. ಹಾಳೆಯ ತುಂಬ ತಾತಂದಿರು. ಸಾಲಿಗೆ ಐದರಂತೆ ನಾಲ್ಕು ಸಾಲು. ಎಲ್ಲರೂ ಬಿಳಿ ಮೀಸೆ, ಎಲ್ಲರ ಕೈಯಲ್ಲೂ ಪಾಯಸದ ಬಟ್ಟಲು, ಎಲ್ಲರೂ ನಗುತ್ತಿದ್ದರು.

"ಸ್ಟಿಕ್ಕರ್ ಮೇಡಂ," ಎಂದರು. "ಹಿಂದಿನ ಪೇಪರ್ ಬಿಡ್ಸಿ ಅಜ್ಜಿ ಪಕ್ಕಕ್ಕೆ ಅಂಟಿಸಿದ್ರಾತು. ಗುರುತೇ ಸಿಗಲ್ಲ."

ಎರಡು ವರ್ಷದ ಹಿಂದೆ ಈ ಸೌಲಭ್ಯ ಇದ್ದಿದ್ದರೆ ಎಷ್ಟು ಮನೆಗೆ ಉಪಕಾರವಾಗುತ್ತಿತ್ತು ಎಂದು ಹೇಳಬೇಕೆನ್ನಿಸಿತು. ಹೇಳಿಯೂಬಿಟ್ಟೆ. ಅವರು ಬೇಸರ ಮಾಡಿಕೊಳ್ಳದೆ ಇನ್ನೊಂದು ವಿಷಯ ಹೇಳಿದರು: ತಪ್ಪು ಕಂಡುಹಿಡಿದ ಹುಡುಗಿಯ ಕೈಯಲ್ಲೇ ತಾತನನ್ನು ಅಂಟಿಸಿ ವಿಡಿಯೊ ಮಾಡಿ ಕಳಿಸಬೇಕೆಂದು ಬೆಂಗಳೂರಿನಿಂದ ಹೇಳಿದ್ದಾರೆ. ನಾನು ಬೇಡವೆನ್ನಬಹುದಿತ್ತು. ಅನ್ನಲಿಲ್ಲ. ಮೇಲಿನವರು ಕೇಳಿದಾಗ ಮಕ್ಕಳನ್ನು ಕೂರಿಸಿ ಕೂರಿಸಿ ಅಭ್ಯಾಸವಾಗಿಹೋಗಿತ್ತು.

ಮಕ್ಕಳು ಬಂದು ಕೂತವು. ಹಿಂದೆಯೇ ಕೆಂಚಕ್ಕನೂ ಬಂದಳು. ಮೊಮ್ಮಗಳಿಗೆ ಏನೋ ಬಹುಮಾನ ಕೊಡುತ್ತಾರಂತೆ ಎಂದು ಹಟ್ಟಿಯಲ್ಲಿ ಸುದ್ದಿಯಾಗಿತ್ತು. ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತಳು. ಪ್ರಭುಲಿಂಗ ಅವರು ಮೇಘಶ್ರೀಯನ್ನು ಮುಂದಕ್ಕೆ ಕರೆದು, ಚುರುಕು ಹುಡುಗಿ ಎಂದು ಹೊಗಳಿ, ಕೊನೆಯ ಪುಟ ತೆರೆದು, ಹಾಳೆಯಿಂದ ಒಬ್ಬ ತಾತನನ್ನು ಬಿಡಿಸಿ ಅವಳ ಬೆರಳ ತುದಿಗೆ ಅಂಟಿಸಿದರು. ಆಮೇಲೆ ಫೋನು ಎತ್ತಿ ಹಿಡಿದರು.

"ಹಾಂ, ಈಗ ತಾತನ್ನ ಮನೆಗೆ ಸೇರ್ಸು ನೋಡಾಣ."

ಹುಡುಗಿ ಬೆರಳ ತುದಿಯ ತಾತನನ್ನು ನೋಡಿದಳು, ಪುಟವನ್ನು ನೋಡಿದಳು. ನನ್ನನ್ನೂ ನೋಡಲಿಲ್ಲ, ಫೋನನ್ನೂ ನೋಡಲಿಲ್ಲ. ಬಾಗಿಲ ಕಡೆ ತಿರುಗಿದಳು.

"ಅಜ್ಜಿ, ಅಂಟಿಸ್ಲಾ?"

ಆ ಕೋಣೆಯಲ್ಲಿದ್ದ ಹಟ್ಟಿಯ ಮಕ್ಕಳಿಗೂ, ನನಗೂ, ಕೆಂಚಕ್ಕನಿಗೂ ಅವಳು ಯಾವ ತಾತನ ಬಗ್ಗೆ ಕೇಳುತ್ತಿದ್ದಾಳೆಂದು ತಿಳಿದಿತ್ತು. ಪ್ರಭುಲಿಂಗ ಒಬ್ಬರಿಗೆ ಗೊತ್ತಿರಲಿಲ್ಲ. "ಅಂಟಿಸು ಪುಟ್ಟಿ, ಅಂಟಿಸು," ಎನ್ನುತ್ತಿದ್ದರು.

ಕೆಂಚಕ್ಕ ಗೋಡೆ ಹಿಡಿದು ಎದ್ದಳು. ಮಕ್ಕಳನ್ನು ದಾಟಿಕೊಂಡು ಮುಂದೆ ಬಂದು, ಮೊಮ್ಮಗಳ ಎದುರು ಕುಕ್ಕರುಗಾಲಲ್ಲಿ ಕೂತು, ಆ ಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದಳು.

"ಬ್ಯಾಡ ಕಣವ್ವ," ಎಂದಳು. "ನಿಮ್ಮ ತಾತ ಸತ್ತೋದ. ಜ್ವರ ಬಂದಿತ್ತು, ಕರ್ಕಂಡು ಹೋದ್ರು, ಅಲ್ಲೇ ಸತ್ತೋದ. ಕುರಿ ಹೊಡ್ಕಂಡು ಹೋಗಿಲ್ಲ. ನಾನು ಸುಳ್ಳು ಹೇಳ್ದೆ."

ಪ್ರಭುಲಿಂಗ ಅವರ ಕೈ ತಾನಾಗಿ ಕೆಳಗಿಳಿಯಿತು. ಫೋನು ನೆಲವನ್ನು ಚಿತ್ರೀಕರಿಸುತ್ತಿತ್ತು. ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಾಳೆಂದು ನಾನು ನೀರಿನ ಲೋಟಕ್ಕೆ ಕೈ ಹಾಕಿದ್ದೆ. ಅವಳ ಕೆಳತುಟಿ ಮಾತ್ರ ಒಂದು ಸಲ ಅದುರಿತು. ಕುರಿಯವರ ಮಗು, ಕಡಿಮೆ ಬಿದ್ದದ್ದು ಸತ್ತಿದೆ ಎಂದು ಕೇಳಿದ ಮೇಲೆ ಏನು ಕೇಳಬೇಕೋ ಅದನ್ನೇ ಕೇಳಿತು.

"ಎಲ್ಲಿ ಹೂತ್ರಿ?"

ಕೆಂಚಕ್ಕನ ಮುಖ ನೋಡಲಾಗಲಿಲ್ಲ. ಎರಡು ವರ್ಷ ಅವಳು ಸಾಕಿದ ಸುಳ್ಳು ಮಗುವಿನ ಎದೆ ಒಡೆಯಬಾರದು ಎಂಬುದಕ್ಕೆ ಎಂದು ನಾವೆಲ್ಲ ತಿಳಿದಿದ್ದೆವು. ಅದಕ್ಕಲ್ಲ. ಈ ಪ್ರಶ್ನೆಗೆ ಹೆದರಿ.

"ಗೊತ್ತಿಲ್ಲ ಕಣವ್ವ," ಎಂದಳು. "ನಮಗೆ ತೋರಿಸ್ಲಿಲ್ಲ."

"ಅಪ್ಪಂಗೆ?"

"ಅವ್ನಿಗೂ ಇಲ್ಲ."

ಹುಡುಗಿ ಅಜ್ಜಿಯ ಮುಷ್ಟಿಯಿಂದ ಬೆರಳು ಬಿಡಿಸಿಕೊಂಡಳು.

"ಹೂತೋರಿಗೆ ಗೊತ್ತಿರ್ತತಲ್ಲ," ಎಂದಳು. "ಕೇಳಾಣ ನಡಿ."

ಕೆಂಚಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. ಕೇಳಬಹುದೇ ಎಂಬಂತೆ.

ಆ ಹಟ್ಟಿಯ ಅರ್ಜಿಗಳನ್ನೆಲ್ಲ ಬರೆಯುವವಳು ನಾನು. ಬೋರಣ್ಣನ ಸಾವಿನ ಸರ್ಟಿಫಿಕೇಟಿಗೆ ಬರೆದದ್ದು ನಾನೇ, ಪರಿಹಾರಕ್ಕೆ ಬರೆದದ್ದೂ ನಾನೇ, ಕೆಂಚಕ್ಕನ ವಿಧವಾ ವೇತನಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡದ್ದೂ ನಾನೇ. ಮೂರರಲ್ಲೂ ಅಕ್ಷರ ದುಂಡಗಿತ್ತು, ಒಂದೂ ತಿರಸ್ಕಾರವಾಗಿ ಬರಲಿಲ್ಲ. ಆತನನ್ನು ಎಲ್ಲಿ ಮಣ್ಣು ಮಾಡಿದ್ದೀರಿ, ತಿಳಿಸಿ ಎಂದು ಕೆಳಗೊಂದು ಸಾಲು ಬರೆಯಲು ಎಲ್ಲದರಲ್ಲೂ ಜಾಗವಿತ್ತು. ನನಗೆ ಹೊಳೆದಿರಲಿಲ್ಲ.

ಬಿಳಿ ಹಾಳೆ ತೆಗೆದುಕೊಂಡು ಕೂತೆ. ಪ್ರಭುಲಿಂಗ ಪೆನ್ನು ಕೊಟ್ಟರು.